ಹಿಂದೆ ನೀರಿರುವ ಮನೆ ಬಾಡಿಗೆಗಿದೆ

ಬಾಗಲಕೋಟೆಯಲ್ಲಿ ಬಾಡಿಗೆ ಮನೆ ತೋರಿಸುವ ಕೆಲಸಕ್ಕೆ ಇಳಿದವನು ದಿನಕ್ಕೊಮ್ಮೆಯಾದರೂ ಹಣೆ ಬಡಿದುಕೊಳ್ಳದೆ ಮನೆಗೆ ಹೋಗುವುದಿಲ್ಲ. ನನಗಂತೂ ಬಡಿದುಕೊಂಡು ಬಡಿದುಕೊಂಡು ಸಾಕಾಗಿದೆ. ಅದರಲ್ಲೂ ಹಳೆ ಊರಿನ ಅಂಚಿನ ಆ ಮಹಡಿ ಮನೆ! ಮುಂದೆ ಬಸ್ಸು, ಪಕ್ಕದಲ್ಲಿ ಬಜಾರು, ಹಿಂದೆ ಅಣೆಕಟ್ಟಿನ ಹಿನ್ನೀರು. ಆದರೂ ವರ್ಷದಿಂದ ಬೀಗ. "ಈ ಬ್ಯಾಸಗಿಯೊಳಗ ಆ ಮನಿ ಹೋಗಲಿಲ್ಲಂದ್ರ ಈ ದಂಧೆ ಬಿಟ್ಟು ನಮ್ಮಣ್ಣನ ಗಿರಣಿಗೆ ಹೋಗ್ರಿ" ಎಂದು ನನ್ನ ಹೆಂಡತಿ ಹೇಳಿಬಿಟ್ಟಿದ್ದಳು. ಖಾರದ ಪುಡಿ ಬೀಸುವ ಯಂತ್ರದ ಮುಂದೆ ನಿಂತು ಭಾವನ ಉಪದೇಶ ಕೇಳುವುದೆಂದರೆ ನನಗೆ ಈಗಲೇ ಸೀನು ಬರುತ್ತದೆ.

ನೀರಿನ ಆಸೆ

ಬ್ಯಾಂಕಿನ ಸಾಹೇಬರೊಬ್ಬರು ದೀಪಾವಳಿ ಹೊತ್ತಿಗೆ ಮನೆ ನೋಡಿದ್ದರು. ಹಿತ್ತಲ ಆಚೆ ನೀರು ತುಂಬಿ ನಿಂತಿತ್ತು. "ಇಲ್ಲಿಗೆ ವರ್ಗವಾದ ಕೂಡಲೇ ಇದೇ ಮನೆ" ಎಂದು ಹೋದವರು ಯುಗಾದಿ ಮುಗಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದರು. ಕಿಟಕಿ ತೆಗೆದರೆ ನೀರಿದ್ದಲ್ಲಿ ಎಮ್ಮೆಗಳು ಮೇಯುತ್ತಿವೆ.

"ನೀರೆಲ್ಲಿ?" ಎಂದರು.

"ಬ್ಯಾಸಗಿಗೆ ಹಿಂದ ಸರೀತೈತ್ರಿ. ಮಳಿಗಾಲಕ್ಕ ಮತ್ತ ಬರ್ತೈತಿ."

"ಬಂದರೆ ಎಷ್ಟು ಹತ್ತಿರ ಬರುತ್ತೆ?" ಎಂದು ಅವರ ಹೆಂಡತಿ ಕೇಳಿದರು.

ಗಿರಾಕಿ ಕೈತಪ್ಪುತ್ತದೆಂಬ ಗಾಬರಿಯಲ್ಲಿ ಅಂದುಬಿಟ್ಟೆ: "ನೀವೇನ್ ನಡದು ಹೋಗೂದು ಬ್ಯಾಡ್ರಿ, ಅದ ಬಾಗಲಕ್ಕ ಬರ್ತೈತಿ!"

ಗೇಟು ಹಾಕುವುದಕ್ಕೂ ಅವರು ನಿಲ್ಲಲಿಲ್ಲ.

ಬಾಗಿಲಿಗೇ ಬಸ್ಸು

ಇನ್ನು ನೀರಿನ ಸುದ್ದಿ ಎತ್ತಬಾರದೆಂದು ಬಸ್ಸಿನ ಸುದ್ದಿ ಹಿಡಿದೆ. ದಿನವೂ ಹುನಗುಂದದ ಶಾಲೆಗೆ ಹೋಗಿ ಬರುವ ಟೀಚರೊಬ್ಬರು ರವಿವಾರ ಮನೆ ನೋಡಲು ಬಂದರು. "ಬಸ್ಸು ಖರೇನ ಇಲ್ಲಿ ನಿಲ್ತೈತೇನ್ರಿ?" ಎಂದರು. ಪರೀಕ್ಷೆಯಾಗಲೆಂದು ಅವರನ್ನು ಬಾಗಿಲ ಮುಂದೆ ನಿಲ್ಲಿಸಿದೆ. ಬಸ್ಸು ಬಂತು, ನಿಂತಿತು. ದಿನಾ ನೋಡುವ ಕಂಡಕ್ಟರ್ "ಬರ್ರಿ ಟೀಚರ, ಸೀಟ ಐತಿ!" ಎಂದು ಕೂಗಿದ. ಟೀಚರ್ ಹತ್ತಿದರು, ಬಸ್ಸು ಹೋಯಿತು. ನಾನು ಬೀಗದ ಕೈ ಹಿಡಿದುಕೊಂಡು ನಿಂತೇ ಇದ್ದೆ.

ಅರ್ಧ ದಾರಿಯ ಅಮೀನಗಡದಲ್ಲಿ ಇಳಿದು ಫೋನ್ ಮಾಡಿದರು. "ಆ ಮನಿ ಬ್ಯಾಡ್ರಿ. ಅಲ್ಲಿದ್ರ ರಜಾ ದಿವಸಾನೂ ಸಾಲಿಗಿ ಹೋಗಿಬಿಡ್ತೇನಿ."

ಒಂದು ಗೇಣು

ಬೇಸಿಗೆ ಮುಗಿಯುತ್ತ ಬಂದಿತ್ತು. ಭಾವ ಗಿರಣಿ ಕೆಲಸಕ್ಕೆಂದು ನನ್ನ ಅಳತೆಯ ಅಂಗಿಯನ್ನೂ ಹೊಲಿಸಿಟ್ಟಿದ್ದನಂತೆ. ಆಗ ಒಬ್ಬ ಅಜ್ಜ ಬಂದರು. ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುವಲಿಲ್ಲ. ನೆಟ್ಟಗೆ ಹಿತ್ತಲ ಕಿಟಕಿಗೆ ಹೋಗಿ, ಕನ್ನಡಕ ಒರೆಸಿಕೊಂಡು ನೋಡಿದರು. ನೀರು ಇಳಿದು, ಹಿನ್ನೀರಲ್ಲಿ ಮುಳುಗಿದ್ದ ಹಳೆ ಓಣಿಗಳ ಅಡಿಪಾಯ ಮೇಲೆದ್ದಿತ್ತು.

"ಅಕಾ ಅಲ್ಲಿ, ಕಲ್ಲಿನ ಸಾಲು. ಅದ ನನ್ನ ಮನಿ ಗ್ವಾಡಿ" ಎಂದರು.

ನಾನು ದನಿ ತಗ್ಗಿಸಿ ಕೇಳಿದೆ: "ಹುಟ್ಟಿದ ಮನಿ ಭಾಳ ನೆನಪಾಗ್ತೈತೇನ್ರಿ ಅಜ್ಜಾರ?"

"ನೆನಪಲ್ಲೋ ತಮ್ಮಾ, ಕಾವಲು! ನೀರು ಇಳಿದ ಕೂಡಲೆ ಮಗ್ಗಲ ಮನಿಯಾಂವ ಹೋಗಿ ಗ್ವಾಡಿ ಕಲ್ಲು ನನ್ನ ಕಡೆ ಒಂದು ಗೇಣು ಸರಸ್ತಾನ."

"ಆ ಜಾಗಾ ಮುಳುಗಡಿಗೆ ಹೋಗೇತ್ರಿ. ಇಬ್ರೂ ಪರಿಹಾರ ತಗೊಂಡೀರಿ. ಅದೀಗ ಸರ್ಕಾರದ್ದು."

"ಜಾಗಾ ಸರ್ಕಾರದ್ದು. ಗೇಣು ನಂದು."

ಮಹಡಿ ಬಿಟ್ಟು ಕೆಳಗಿನ ಮನೆಯನ್ನಷ್ಟು ಅಜ್ಜ ಹಿಡಿದೇಬಿಟ್ಟರು. ಕುಣಿಯುತ್ತ ಹೋಗಿ ಹೆಂಡತಿಗೆ ಹೇಳಿದೆ. "ಅರ್ಧಾ ಮನಿ ಹೋಗೇತಿ. ಹಂಗಾದ್ರ ಅರ್ಧಾ ದಿನ ಗಿರಣಿಗೆ ಹೋಗ್ರಿ" ಎಂದಳು.

ಮರುದಿನ ಬೆಳಿಗ್ಗೆ ಇನ್ನೊಬ್ಬ ಅಜ್ಜ ಬಂದರು. ಕೊರಳಲ್ಲಿ ದುರ್ಬೀನು ತೂಗುತ್ತಿತ್ತು.

"ಮ್ಯಾಲಿನ ಮನಿ ಖಾಲಿ ಐತೇನು?"

"ಐತ್ರಿ. ಬಜಾರ ಸಮೀಪ, ಬಸ್ಸು..."

"ಅದೆಲ್ಲಾ ಬ್ಯಾಡ. ಕೆಳಗಿನಾಂವಗಿಂತ ಚಲೋ ಕಾಣಸ್ತೈತೋ ಇಲ್ಲೋ, ಅಷ್ಟ ಹೇಳು."

ನಾನು ಮೊದಲು ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ಆಮೇಲೆ ಹೇಳಿದೆ: "ಗೇಣಲ್ರಿ ಅಜ್ಜಾರ, ಒಂದು ಬೆರಳು ಸರಿದ್ರೂ ಕಾಣಸ್ತೈತಿ!"