ಮಹಾರಾಜರ ಎಡಹುಬ್ಬು

ಬಹಳ ಹಿಂದೆ, ಅಂದರೆ ಇದು ತಮ್ಮನ್ನೇ ಕುರಿತು ಬರೆದದ್ದೆಂದು ಇಂದಿನ ಯಾರೂ ಮುನಿಸಿಕೊಳ್ಳಲಾಗದಷ್ಟು ಹಿಂದೆ, ಸುಮುಖಪುರವೆಂಬ ಒಂದು ರಾಜ್ಯವಿತ್ತು. ಆ ರಾಜ್ಯವನ್ನು ಪ್ರಸನ್ನಕೀರ್ತಿ ಮಹಾರಾಜರು ಆಳುತ್ತಿದ್ದರು. ಮಹಾರಾಜರನ್ನು ಅವರ ಎಡಹುಬ್ಬು ಆಳುತ್ತಿತ್ತು.

ಯಾವ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂದು ಅಲ್ಲಿ ತೀರ್ಮಾನಿಸುತ್ತಿದ್ದುದು ಹುಬ್ಬೇ. ಸಂದರ್ಶನಕ್ಕೆ ಬಂದ ಅಭ್ಯರ್ಥಿ ದೊರೆಗೆ ಹಿಡಿಸಿದರೆ ಅವರ ಎಡಹುಬ್ಬು ತಾನಾಗಿ ಮೇಲೇರುತ್ತದೆಂಬ ನಂಬಿಕೆ ತಾತನ ಕಾಲದಿಂದಲೂ ಇತ್ತು. ನೇಮಕಾತಿ ಮಂತ್ರಿ ಚಾವುಣಯ್ಯನವರು ಈ ನಂಬಿಕೆಯನ್ನು ವಿಜ್ಞಾನದ ಮಟ್ಟಕ್ಕೆ ಏರಿಸಿದರು. ಸಿಂಹಾಸನದ ಪಕ್ಕದಲ್ಲಿ ಗಂಧದ ಮರದ ಅಳತೆಪಟ್ಟಿಯೊಂದನ್ನು ನಿಲ್ಲಿಸಿ, ಅದನ್ನು ಓದಿ ಸಾರಲು ತಿಪ್ಪಣನೆಂಬ ಭ್ರೂವೀಕ್ಷಕನನ್ನು ನೇಮಿಸಿದರು. ಹುಬ್ಬು ಒಂದು ಗೋಧಿಕಾಳಿನಷ್ಟು ಏರಿದರೆ ಗುಮಾಸ್ತಿಕೆ, ಎರಡು ಕಾಳಿನಷ್ಟು ಏರಿದರೆ ಅಧಿಕಾರ, ಮೂರು ಕಾಳಾದರೆ ಪಲ್ಲಕ್ಕಿ. ಅಳೆಯುತ್ತಿರುವುದು ಏನನ್ನು ಎಂದು ಯಾರೂ ಕೇಳಲಿಲ್ಲ. ಅಳತೆ ಮಾತ್ರ ಬಹಳ ಕರಾರುವಾಕ್ಕಾಗಿತ್ತು.

ಹುಬ್ಬೇರಿಸುವ ವಿದ್ಯೆ ಕಲಿಸಲು ಮಂತ್ರಿಗಳ ಭಾವಮೈದುನ ಒಂದು ತರಬೇತಿ ಕೇಂದ್ರ ತೆರೆದಿದ್ದ. ಬಾಗಿಲಲ್ಲಿ ಎಷ್ಟು ಹೊತ್ತು ಮುಗುಳ್ನಗಬೇಕು, ಆಸನದ ಎಷ್ಟು ಭಾಗದ ಮೇಲೆ ಕೂರಬೇಕು, ಹಸ್ತಲಾಘವ ಎಷ್ಟು ಬಿಗಿಯಾಗಿರಬೇಕು ಎಂಬುದೆಲ್ಲ ಅಲ್ಲಿ ಪಾಠ. ನಿಮ್ಮ ದೌರ್ಬಲ್ಯವೇನೆಂದು ಕೇಳಿದರೆ, ವಿಶ್ರಾಂತಿ ಎಂದರೇನೆಂದು ತನಗೆ ತಿಳಿಯದೆಂದು ನಾಚುತ್ತಾ ಒಪ್ಪಿಕೊಳ್ಳಬೇಕು. ಇನ್ನೈದು ವರ್ಷಕ್ಕೆ ಎಲ್ಲಿರಬಯಸುತ್ತೀರಿ ಎಂಬ ಪ್ರಶ್ನೆಗೆ ಮೊದಲ ತಂಡದವರಿಗೆ 'ತಾವು ಕುಳಿತಿರುವ ಜಾಗದಲ್ಲಿ' ಎಂದು ಹೇಳಿಕೊಡಲಾಗಿತ್ತು. ಅವರು ಹಾಗೆಯೇ ಹೇಳಿದರು. ಆ ತಂಡ ಇನ್ನೂ ಸೆರೆಮನೆಯಲ್ಲಿತ್ತು. ಉತ್ತರವನ್ನು ಆಮೇಲೆ ತಿದ್ದಲಾಯಿತು.

ಅರಮನೆಯ ಮುಖ್ಯ ಬಾಣಸಿಗ ಇದೇ ಕೇಂದ್ರದ ಫಲ. ಅನ್ನದ ಕುರಿತು ತನಗಿರುವ ಮುನ್ನೋಟವನ್ನು ಅವನು ಸಂದರ್ಶನದಲ್ಲಿ ಮಂಡಿಸಿದ ರೀತಿಗೆ ಹುಬ್ಬು ಎರಡೂವರೆ ಕಾಳು ಏರಿತ್ತು. ಅಕ್ಕಿ ಆರಿಸುವ ವಿಷಯ ಮುನ್ನೋಟದೊಳಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಮಹಾರಾಜರು ಅನ್ನದೊಳಗಿನ ಕಲ್ಲನ್ನು ಕಚ್ಚಿದರು. ಎಡದವಡೆಯ ಹಲ್ಲು ಸೀಳಿತು.

ಮರುದಿನಕ್ಕೆ ಕೆನ್ನೆ ಹಲಸಿನ ಕಾಯಿಯಂತೆ ಊದಿತು. ಅರಮನೆಯ ದಂತವೈದ್ಯರ ಹುದ್ದೆ ಖಾಲಿ ಬಿದ್ದಿತ್ತು. ನೇಮಕವಾಗದವರು ರಾಜದಂತವನ್ನು ಮುಟ್ಟುವಂತಿಲ್ಲ ಎಂಬುದು ಶಾಸನ. ಆದ್ದರಿಂದ ದೊರೆಯ ಹಲ್ಲು ಉಳಿಯಬೇಕಾದರೂ, ಹೋಗಬೇಕಾದರೂ, ಮೊದಲು ಸಂದರ್ಶನ ನಡೆಯಬೇಕಾಗಿತ್ತು.

ಸಂದರ್ಶನದ ದಿನ ಮಹಾರಾಜರು ಕೆನ್ನೆಗೆ ಅಂಗೈ ಕೊಟ್ಟು ಸಿಂಹಾಸನದ ಮೇಲೆ ಮುದುರಿ ಕುಳಿತಿದ್ದರು. ನೋವಿನ ಸೆಳೆತಕ್ಕೆ ಎಡಹುಬ್ಬು ಆಗಲೇ ಹಣೆಯ ಅರ್ಧ ಹತ್ತಿತ್ತು. ಒಳಬಂದ ಮೊದಲನೆಯವನು ಇನ್ನೂ ನಮಸ್ಕರಿಸುವಷ್ಟರಲ್ಲಿ ತಿಪ್ಪಣ ಮೂರು ಕಾಳು ಎಂದು ಸಾರಿದ. ಎರಡನೆಯವನಿಗೂ ಅಷ್ಟೇ. ಮೂರನೆಯವನು ದಾರಿ ತಪ್ಪಿ ಬಂದ ಹೂವಿನ ವ್ಯಾಪಾರಿ, ಅವನಿಗೂ ಅಷ್ಟೇ. ನೋವಿಗೇ ಏರಿ ಕುಳಿತಿರುವ ಹುಬ್ಬಿನಿಂದ ಅಭ್ಯರ್ಥಿಯ ಯೋಗ್ಯತೆ ತಿಳಿಯಲಾಗದೆಂದು ಯಾರಾದರೂ ಹೇಳಬಹುದಿತ್ತು. ಚಾವುಣಯ್ಯನವರು ಮಾತ್ರ ರಾಜ್ಯದಲ್ಲಿ ಪ್ರತಿಭೆಯ ಸರಾಸರಿ ಏರಿದೆಯೆಂದು ಸಂತೋಷಪಟ್ಟು, ಅದರ ಯಶಸ್ಸನ್ನು ಭಾವಮೈದುನನಿಗೆ ಸಮರ್ಪಿಸಿದರು.

ಆಗ ಬಂದವನು ಮಲ್ಲಿದೇವ. ತರಬೇತಿ ಕೇಂದ್ರದ ಚಿನ್ನದ ಪದಕ ಪಡೆದವನು. ಹಲ್ಲೆಂಬುದನ್ನು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಪರೀಕ್ಷಿಸಿದವನಲ್ಲ. ಅವನು ನೇರವಾಗಿ ನಡೆದು ಬಂದು, ಪಾಠದಲ್ಲಿ ಹೇಳಿದ್ದಂತೆ ಮಹಾರಾಜರ ಕೈಯನ್ನು ಬಿಗಿಯಾಗಿ ಹಿಡಿದು, ಆತ್ಮವಿಶ್ವಾಸದಿಂದ ಕುಲುಕಿದ. ಕುಲುಕಾಟ ತೋಳಿನಿಂದ ಭುಜಕ್ಕೆ, ಭುಜದಿಂದ ದವಡೆಗೆ, ದವಡೆಯಿಂದ ಸೀಳಿದ ಹಲ್ಲಿಗೆ ಮುಟ್ಟಿತು. ಹುಬ್ಬು ಕಿರೀಟದ ಒಳಗೆ ಹೋಯಿತು.

"ಪಟ್ಟಿ ಸಾಲದು ಸ್ವಾಮಿ," ಎಂದ ತಿಪ್ಪಣ, ಗದ್ಗದಿತನಾಗಿ.

ಕೊನೆಗೆ ಉಳಿದವಳು ಬಾಚಲೆ. ಪೇಟೆಯಲ್ಲಿ ಅವಳ ವೈದ್ಯಶಾಲೆಯಿತ್ತು. ಗುರುಕುಲದಲ್ಲಿ ಓದಿ ಬಂದವಳೆಂಬ ಹೆಮ್ಮೆಯೂ, ಅದನ್ನು ಎದುರಿಗಿದ್ದವರಿಗೆ ಮರೆಯಗೊಡದ ನಾಲಿಗೆಯೂ ಇದ್ದವು. ಅವಳು ಬಾಗಿಲಲ್ಲಿ ಮುಗುಳ್ನಗಲಿಲ್ಲ. ಆಸನವನ್ನು ದಾಟಿ ದೊರೆಯ ಮುಖದ ಹತ್ತಿರಕ್ಕೇ ಬಂದಳು.

"ಬಾಯಿ ತೆಗೀರಿ, ಬುದ್ಧಿ."

"ಇಲ್ಲಿ ಪ್ರಶ್ನೆ ಕೇಳುವವರು ನಾವು," ಎಂದರು ಚಾವುಣಯ್ಯ.

"ನಾನು ಪ್ರಶ್ನೆ ಎಲ್ಲಿ ಕೇಳಿದೆ? ಬಾಯಿ ತೆಗೀರಿ ಅಂದೆ."

ಮಹಾರಾಜರು ಬಾಯಿ ತೆರೆದರು. ಬಾಚಲೆ ಒಳಗೆ ಇಣುಕಿ, ತುಟಿ ಕಚ್ಚಿ, ಸೆರಗಿನ ಗಂಟಿನಿಂದ ಹತ್ತಿಯ ಉಂಡೆ ತೆಗೆದು ಲವಂಗದ ಎಣ್ಣೆಯಲ್ಲಿ ಅದ್ದಿ, ಅದನ್ನು ಹಿಡಿಯುವ ವಿಧಾನವನ್ನು ವಿವರಿಸಿ ದೊರೆಯ ಕೈಗೇ ಕೊಟ್ಟಳು. ಮುಟ್ಟುವಂತಿಲ್ಲ ಎಂಬ ಶಾಸನ ಅವಳಿಗೂ ಗೊತ್ತಿತ್ತು. ಮಹಾರಾಜರು ಉಂಡೆಯನ್ನು ಹಲ್ಲಿಗೆ ಒತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಭುಜಗಳು ಸಡಿಲವಾದವು. ಹುಬ್ಬು ಕಿರೀಟದಿಂದ ಹೊರಬಂದು, ಮೂರು ಕಾಳನ್ನು ದಾಟಿ, ಎರಡನ್ನು ದಾಟಿ, ಸೊನ್ನೆಯ ಗೆರೆಯ ಮೇಲೆ ಬಂದು ತೂಕಡಿಸಿತು.

ಆ ಆಸ್ಥಾನದ ಚರಿತ್ರೆಯಲ್ಲಿ ಒಬ್ಬ ಅಭ್ಯರ್ಥಿಯನ್ನು ಕಂಡು ಹುಬ್ಬು ಇಳಿದದ್ದು ಅದೇ ಮೊದಲು.

"ಅನುತ್ತೀರ್ಣ," ಎಂದರು ಚಾವುಣಯ್ಯ.

"ಅಲ್ಲಾ ಚಾವುಣಯ್ಯ, ನನಗೆ ನೋವು ಹೋಯ್ತಲ್ಲಯ್ಯಾ."

"ನಿಜ ಪ್ರಭು. ಆದರೆ ಆಕೆ ತಮಗೆ ಹಿಡಿಸಿಲ್ಲ."

"ಹಿಡಿಸಿದ ಹಾಗೇ ಅನ್ನಿಸ್ತು."

"ಅದು ತಮ್ಮ ವೈಯಕ್ತಿಕ ಅಭಿಪ್ರಾಯ, ಪ್ರಭು. ಮಾಪನ ಬೇರೆ ಹೇಳುತ್ತಿದೆ." ಮಂತ್ರಿಗಳು ದನಿ ತಗ್ಗಿಸಿ ಮುಂದುವರಿಸಿದರು. ಇಂದು ಹುಬ್ಬು ತಪ್ಪೆಂದು ಒಪ್ಪಿದರೆ ನಾಳೆ ಬಾಣಸಿಗನನ್ನೂ ಪ್ರಶ್ನಿಸುತ್ತಾರೆ, ನಾಡಿದ್ದು ಸೇನಾಪತಿಯನ್ನು, ಆಮೇಲೆ ತಮ್ಮನ್ನೂ. ಹುಬ್ಬಿನ ಮೇಲೇ ನಿಂತ ರಾಜ್ಯದಲ್ಲಿ ಹುಬ್ಬಿಗೆ ಎರಡನೇ ಸ್ಥಾನವಿರಲು ಸಾಧ್ಯವಿಲ್ಲ.

ಬಾಚಲೆ ಎಣ್ಣೆಯ ಬುಡ್ಡಿಗೆ ಬಿರಡೆ ಹಾಕಿದಳು. "ಇದು ಸಂಜೆ ತನಕ ಅಷ್ಟೇ, ಬುದ್ಧಿ. ಬುಡದಲ್ಲಿ ಕೀವು ತುಂಬಿದೆ. ಕೀಳದಿದ್ರೆ ತಲೆಗೇರುತ್ತೆ. ಕೆಲಸ ನನಗೆ ಬೇಡ, ಹೂಂ ಅನ್ನಿ, ಈಗಲೇ ಕಿತ್ತುಹಾಕಿ ಮನೆಗೆ ಹೋಗ್ತೀನಿ."

ಮಹಾರಾಜರು ಅವಳನ್ನು ನೋಡಿದರು, ಅಳತೆಪಟ್ಟಿಯನ್ನು ನೋಡಿದರು, ಹೂಂ ಅನ್ನಲಿಲ್ಲ.

ಮಲ್ಲಿದೇವ ರಾಜದಂತಾಧಿಕಾರಿಯಾದ. ಮೊದಲ ದಿನವೇ ಆತ ಹಲ್ಲಿನ ಸಮಗ್ರ ನಿರ್ವಹಣೆಗೆ ಯೋಜನೆಯೊಂದನ್ನು ರೂಪಿಸಿದ. ಅದರಲ್ಲಿ ಹಲ್ಲನ್ನು ಮುಟ್ಟುವುದು ಕೊನೆಯ ಹಂತವಾಗಿತ್ತು. ಮೊದಲ ಹಂತಕ್ಕೆ ಸಿಬ್ಬಂದಿ ಬೇಕಿತ್ತು. ಸಂಜೆಗೆ ನೋವು ಮರಳಿತು, ಹುಬ್ಬು ಮೇಲೇರಿ ಅಲ್ಲೇ ಬೀಡುಬಿಟ್ಟಿತು. ಆ ದಿನಗಳಲ್ಲಿ ಅರಮನೆಯೊಳಗೆ ಕಾಲಿಟ್ಟವರಿಗೆಲ್ಲ ಪಲ್ಲಕ್ಕಿ ಸಿಕ್ಕಿತು. ಕಂದಾಯ ಹೆಚ್ಚಾಯಿತೆಂದು ದೂರು ತಂದ ರೈತನೊಬ್ಬ ಕಂದಾಯಾಧಿಕಾರಿಯಾಗಿ ಹೊರಬಂದು, ಮಾರನೆಯ ದಿನ ಅದನ್ನು ಇನ್ನಷ್ಟು ಹೆಚ್ಚಿಸಿದ. ಪಲ್ಲಕ್ಕಿಗಳು ಸಾಕಷ್ಟಿದ್ದವು, ಹೊರಲು ಜನ ಸಿಗದಾದರು, ಹೊರುತ್ತಿದ್ದವರೂ ಒಳಗೆ ಕುಳಿತಿದ್ದರಿಂದ.

ಮಹಾರಾಜರಿಗೆ ಜ್ವರ ಬಂತು. ಮಲ್ಲಿದೇವನ ಯೋಜನೆ ಎರಡನೇ ಹಂತಕ್ಕೆ ಕಾಲಿಡುವ ಹೊತ್ತಿಗೆ ಅವರಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು ಮುಖಕ್ಕೆ ಕಂಬಳಿ ಸುತ್ತಿಕೊಂಡು, ಹಿತ್ತಿಲ ಬಾಗಿಲಿನಿಂದ ಪೇಟೆಗೆ ನಡೆದುಹೋಗಿ ಬಾಚಲೆಯ ವೈದ್ಯಶಾಲೆಯ ಸಾಲಿನಲ್ಲಿ ನಿಂತರು. ತಮ್ಮ ಸರದಿಗೆ ತಾವು ಕಾಯುವುದು ಅವರಿಗೆ ಜೀವನದಲ್ಲಿ ಮೊದಲ ಅನುಭವ.

ಕಂಬಳಿ ಸರಿಸಿದ ಬಾಚಲೆಗೆ ಹುಬ್ಬನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು.

"ನಾನು ನಪಾಸಾದವಳು, ಬುದ್ಧಿ. ಶಾಸನ ಇದೆಯಲ್ಲ."

"ಇಲ್ಲಿ ರಾಜ ಯಾರೂ ಬಂದಿಲ್ಲ ಕಣಮ್ಮಾ," ಎಂದರು ಮಹಾರಾಜರು. "ಹಲ್ಲುನೋವಿನವನೊಬ್ಬ ಬಂದಿದಾನೆ."

ಅವಳು ಮತ್ತೇನೂ ಕೇಳದೆ ಇಕ್ಕಳ ಹಿಡಿದಳು. ಹಲ್ಲು ಬಂತು, ಕೀವು ಹರಿಯಿತು, ಹುಬ್ಬು ಇಳಿಯಿತು. ಮಹಾರಾಜರ ಕಣ್ಣಲ್ಲಿ ನೀರು ಬಂತು. ಅರಮನೆಗೆ ಬಂದುಬಿಡಿ ಎಂದು ಅವರು ಅಂಗಲಾಚಿದರು. ಬಾಚಲೆ ಇಕ್ಕಳ ತೊಳೆಯುತ್ತಾ ಹೇಳಿದಳು: "ಹುಬ್ಬು ಇಳಿಸೋದು ನನ್ನ ಕಸುಬು. ನಿಮ್ಮಲ್ಲಿ ಅದಕ್ಕೆ ಹುದ್ದೆ ಇಲ್ಲ."

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅಷ್ಟು ದಿನ ಏರಿಯೇ ಇದ್ದು ದಣಿದ ದೊರೆಯ ಹುಬ್ಬು, ನೋವು ಹೋದ ಮೇಲೆ ಯಾರನ್ನು ಕಂಡರೂ ಅಲುಗದಾಯಿತು. ಬಂದವರೆಲ್ಲ ಅನುತ್ತೀರ್ಣರಾದರು. ತರಬೇತಿ ಕೇಂದ್ರದ ಮುಂದೆ ಜನ ಕೂಗಾಡಿದರು. ಪ್ರತಿಭೆಯ ಈ ಬರಗಾಲಕ್ಕೆ ಪರಿಹಾರ ಕೇಳಿದಾಗ, ಹುಬ್ಬಿಗೂ ಒಂದು ಕಿರೀಟವಿರಬೇಕೆಂದು ಚಾವುಣಯ್ಯನವರು ಸಲಹೆಯಿತ್ತರು. ಚಿನ್ನದ ಪುಟ್ಟ ಕಿರೀಟ, ಅದಕ್ಕೊಂದು ಕೊಕ್ಕೆ. ಹಾಕಿಕೊಂಡರೆ ಹುಬ್ಬು ಸದಾ ಮೂರು ಕಾಳಿನ ಮೇಲೆ. ಮಹಾರಾಜರು ಬೇಡವೆನ್ನಲು ಬಾಯಿ ತೆರೆದರು. ಹಾಗಾದರೆ ರಾಜದಂತವನ್ನು ಕಿತ್ತವರು ಯಾರೆಂದು ವಿಚಾರಣೆ ನಡೆಸಬೇಕಾದೀತೆಂದು ಮಂತ್ರಿಗಳು ವಿನಯದಿಂದ ನೆನಪಿಸಿದರು. ಬಾಚಲೆಯ ಮುಖ ನೆನಪಾಗಿ ಮಹಾರಾಜರು ಬಾಯಿ ಮುಚ್ಚಿ ಹಣೆ ಒಡ್ಡಿದರು. ಶುಭಮುಹೂರ್ತದಲ್ಲಿ ಹುಬ್ಬಿನ ಪಟ್ಟಾಭಿಷೇಕ ನಡೆಯಿತು.

ಕಿರೀಟದ ಖರ್ಚಿಗಾಗಿ ಮಲ್ಲಿದೇವ ಹಲ್ಲುಗಂದಾಯ ತಂದ. ಪ್ರಜೆಗಳ ಬಾಯಲ್ಲಿ ಎಷ್ಟು ಹಲ್ಲೋ ಅಷ್ಟು ಕಾಸು. ತಿಂಗಳೊಳಗೆ ಬಾಚಲೆಯ ಬಾಗಿಲಿನ ಸಾಲು ಪೇಟೆ ದಾಟಿತು. ಎಲ್ಲರದೂ ಗಟ್ಟಿ ಹಲ್ಲುಗಳು. ಒಳ್ಳೆಯ ಹಲ್ಲನ್ನು ಕೀಳುವುದಿಲ್ಲವೆಂದು ಅವಳು ಮೊದಲು ಬಾಗಿಲು ಹಾಕಿಕೊಂಡಳು. ಹಾಗಾದರೆ ಕದಕ್ಕೆ ದಾರ ಕಟ್ಟಿ ನಾವೇ ಎಳೆದುಕೊಳ್ಳುತ್ತೇವೆ, ತಾಯಿ, ಎಂದಿತು ಸಾಲು. ಅವಳು ಲವಂಗದ ಎಣ್ಣೆ ತೆಗೆದುಕೊಂಡು ಬಾಗಿಲು ತೆರೆದಳು.

ವರ್ಷದ ಕೊನೆಗೆ ಸುಮುಖಪುರವನ್ನು ಹಲ್ಲುನೋವುಮುಕ್ತ ರಾಜ್ಯವೆಂದು ಘೋಷಿಸಿ ಮಲ್ಲಿದೇವನಿಗೆ ಬಿರುದು ಕೊಡಲಾಯಿತು. ಆ ಮೆರವಣಿಗೆಯಲ್ಲಿ ಮಹಾರಾಜರು ಹುಬ್ಬೇರಿಸಿಕೊಂಡೇ ಆನೆಯ ಮೇಲೆ ಕುಳಿತು, ಇಕ್ಕೆಲದ ಜನರನ್ನು ನೋಡಿದರು. ಜಯಕಾರ ಕೇಳಿಸಲಿಲ್ಲ. ಬೊಚ್ಚುಬಾಯಿಗಳಿಂದ ಗಾಳಿ ಮಾತ್ರ ಬರುತ್ತಿತ್ತು.

"ಯಾಕಯ್ಯಾ ಚಾವುಣಯ್ಯ, ಯಾರೂ ಏನೂ ಹೇಳ್ತಾ ಇಲ್ಲ?"

"ಮಾತು ಹೊರಡದಷ್ಟು ಪ್ರಭಾವಿತರಾಗಿದ್ದಾರೆ, ಪ್ರಭು."