ಕಪಾಟಿನ ಕೆಳಗಿನ ಕೆಂಪು ಮಣಿ

ಕಣ್ಣಿಗೆ ಕಾಣದ ವಸ್ತುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಎರಡೇ ಜಾತಿಯವರು: ವೇದಾಂತಿಗಳು ಮತ್ತು ನಮ್ಮಂಥ ಜೀವರಸಾಯನಶಾಸ್ತ್ರದ ಮೇಷ್ಟರುಗಳು. ವೇದಾಂತಿಗಳನ್ನು ಜನ ಸುಮ್ಮನೆ ನಂಬುತ್ತಾರೆ. ನಾವು ನಂಬಿಸಬೇಕು, ಮತ್ತು ನಂಬಿಸಲು ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಾಗಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮನೆಯವರದು ಬ್ಯಾಂಕಿನ ಕೆಲಸ. ಧಾರವಾಡದಿಂದ ಅತ್ತೆ ಮಾವ ಬಂದು ನಮ್ಮ ಜೊತೆಗೇ ಇದ್ದರು. ಆ ದಿನಗಳ ಎಡವಟ್ಟುಗಳು ಇವು.

ಟೆಲಿಫೋನಿನ ವೈರು

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರ. ಯಾವ ಮಣಿಯ ಪಕ್ಕ ಯಾವ ಮಣಿ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಆ ಸರ ಸುರುಳಿ ಸುತ್ತುತ್ತದೆ, ಸುರುಳಿ ಮತ್ತೆ ಮಡಚಿಕೊಂಡು ಮುದ್ದೆಯಾಗುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಎಷ್ಟು ಬರೆದರೂ ಹುಡುಗರ ಮುಖದಲ್ಲಿ ಬೆಳಕು ಮೂಡಲಿಲ್ಲ. ಕೊನೆಗೆ ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆದೊಯ್ದು ಟೆಲಿಫೋನಿನ ಸುರುಳಿ ವೈರು ತೋರಿಸಿದೆ. "ನೋಡಿ, ಈ ಸುರುಳಿಯೇ ಪ್ರೋಟೀನಿನ ದ್ವಿತೀಯ ರಚನೆ" ಎಂದು ಎಳೆದೆ. ವೈರಿನ ಹಿಂದೆಯೇ ಫೋನೂ ಬಂದು ವಿಭಾಗದ ಮುಖ್ಯಸ್ಥರ ಟಿಫಿನ್ ಡಬ್ಬಿಯ ಮೇಲೆ ಬಿತ್ತು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೇಳಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: "ಪ್ರೋಟೀನಿನ ದ್ವಿತೀಯ ರಚನೆ ಸ್ಟಾಫ್ ರೂಮಿನಲ್ಲಿರುತ್ತದೆ. ಎಳೆದರೆ ಮುಖ್ಯಸ್ಥರು ಬೈಯುತ್ತಾರೆ."

ರೊಟ್ಟಿಯೊಳಗಿನ ಸಕ್ಕರೆ

ಅದೇ ವರ್ಷ ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಚಹಾಕ್ಕೆ ಸಕ್ಕರೆ ಬಿಟ್ಟರು. ಆ ದುಃಖಕ್ಕೆ ದಿನಕ್ಕೆ ಎರಡು ರೊಟ್ಟಿ ಹೆಚ್ಚು ತಿನ್ನತೊಡಗಿದರು. ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ.

"ಅತ್ತಿ, ರೊಟ್ಟೀನೂ ಸಕ್ರೀನ. ಸಕ್ರೀ ಕಣಗಳ ಉದ್ದನ ಸರ ಅದು. ಬೇಕಾದ್ರ ಒಂದು ತುತ್ತು ಬಾಯಾಗ ಇಟ್ಕೊಂಡು ಭಾಳ ಹೊತ್ತು ಅಗೀರಿ. ಜೊಲ್ಲು ಆ ಸರಾ ಕತ್ತರಸ್ತದ, ಸಿಹಿ ಆಗ್ತದ."

ಅತ್ತೆ ಕಣ್ಣು ಮುಚ್ಚಿ ಅಗಿದರು. ಪಕ್ಕದ ಆರಾಮಕುರ್ಚಿಯಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದರು. ಅವರದು ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಜೀವ, ಗೊರಕೆಯೂ ಹಾಗೆಯೇ, ಗೂಡ್ಸ್ ಗಾಡಿಯದು. ಆ ಸದ್ದಿನ ನಡುವೆ ಅತ್ತೆಯ ಮುಖ ನಿಧಾನವಾಗಿ ಅರಳಿತು.

"ಹೌದಲ್ಲ, ಬರೋಬರ್ ಸಿಹಿ ಆತು!"

ನಾನು ಗೆದ್ದೆ ಅಂದುಕೊಂಡೆ. ಅತ್ತೆ ತಾಟು ಮುಂದೆ ಸರಿಸಿದರು. "ಇಷ್ಟು ದಿನಾ ಪೇಡೆ ಇಲ್ಲಂತ ಸುಮ್ಮನ ಅಳತಿದ್ದೆ ನೋಡು. ಇನ್ನೊಂದು ರೊಟ್ಟಿ ಹಾಕು."

ಹಂದಿ, ಮನುಷ್ಯ, ಹುಳ

ಗುಳಿಗೆಗಳು ಸಾಲದಾದವು. ಅತ್ತೆಯ ಕಾಲಲ್ಲಿ ಒಂದು ಸಣ್ಣ ಗಾಯ, ವಾರಗಳಾದರೂ ಮಾಯಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ಸುಲಿನ್ ಶುರು ಮಾಡದಿದ್ದರೆ ಕಾಲಿಗೆ ಅಪಾಯ" ಎಂದರು. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಮಗಳಂತೆ ನೋಡಿಕೊಂಡವರು ಅತ್ತೆ. ಅವತ್ತೇ ಔಷಧಿ ತಂದು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟೆ.

ಅಷ್ಟರಲ್ಲಿ ಎದುರು ಮನೆಯ ಮರಾಠಿ ಕಾಕೂ ಬಂದು, ಅದನ್ನು ಹಂದಿಯಿಂದ ತೆಗೆಯುತ್ತಾರೆ ಎಂದು ಹೇಳಿ ಹೋಗಿದ್ದರು. ಆಗ ಅಂಥದ್ದೂ ಸಿಗುತ್ತಿತ್ತು, ಸುಳ್ಳಲ್ಲ. ಅತ್ತೆ ಮಡಿಯ ಹೆಂಗಸು, ಸೂಜಿ ಬೇಡವೇ ಬೇಡ ಎಂದರು.

"ಇದು ಹಂದೀದಲ್ಲ ಅತ್ತಿ. ಮನುಷ್ಯಾರದು."

"ಅಯ್ಯ ಶಿವನ! ಮನುಷ್ಯಾರನ್ನ ಹಿಂಡಿ ತಗೀತಾರೇನ?"

"ಹಂಗಲ್ಲ. ಮನುಷ್ಯಾರದರಂಥಾದ್ದು. ಬ್ಯಾಕ್ಟೀರಿಯಾ ತಯಾರು ಮಾಡ್ತಾವ."

"ಅಂದ್ರ ಹುಳಾನ?"

"ಕಣ್ಣಿಗೆ ಕಾಣಲಾರದಷ್ಟು ಸಣ್ಣವು. ಮೊಸರಿನೊಳಗ ಇರ್ತಾವಲ್ಲ, ಆ ಕುಲದಾವು."

ಅತ್ತೆ ನಿಧಾನವಾಗಿ ತಲೆಯಾಡಿಸಿದರು. ಮಾತು ನಾಟಿತು ಎಂದು ನಾನು ಹಿಗ್ಗಿದೆ. ನಾಟಿದ್ದು ನಿಜ. ಮರುದಿನದಿಂದ ಅವರು ಮೊಸರು ಮುಟ್ಟುವುದನ್ನೂ ಬಿಟ್ಟರು.

ಕೊನೆಯ ಮಣಿ

ಕಾಲೇಜಿನಲ್ಲಿ ಎರಡು ದಿನದ ವಿಜ್ಞಾನ ಪ್ರದರ್ಶನ ಇತ್ತು. ನನ್ನ ಪಾಲಿಗೆ ಬಂದದ್ದು ಇನ್ಸುಲಿನ್ನಿನ ಮಾದರಿ. ಐವತ್ತೊಂದು ಮಣಿಗಳ ಪುಟ್ಟ ಪ್ರೋಟೀನ್ ಅದು, ಎರಡು ಸರ, ನಡುವೆ ಕೊಂಡಿಗಳು. ಸೀತಾಬರ್ಡಿ ಪೇಟೆಯಿಂದ ಬಣ್ಣಬಣ್ಣದ ಮಣಿ ತಂದೆ, ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಬಣ್ಣ. ಪೋಣಿಸಲು ಕೂತರೆ ದಾರ ಗಂಟಾಗಿ ನನಗೆ ಅಳು ಬರುವಂತಾಯಿತು. ಮಣಿಯ ತೋರಣ ಹಾಕುವುದರಲ್ಲಿ ಅತ್ತೆಯದು ಎತ್ತಿದ ಕೈ. "ತಾ ಇಲ್ಲೆ" ಎಂದು ಕಿತ್ತುಕೊಂಡರು. ನಾನು ಬರೆದುಕೊಟ್ಟ ಬಣ್ಣಗಳ ಸಾಲು ನೋಡಿಕೊಂಡು ಮಧ್ಯಾಹ್ನದೊಳಗೆ ಮುಗಿಸಿಯೇಬಿಟ್ಟರು. ನೋಡಿದರೆ ಕೊರಳಿಗೆ ಹಾಕಿಕೊಳ್ಳಬೇಕು ಅನ್ನಿಸುವಂತಿತ್ತು.

ಮೊದಲ ದಿನ ಅತ್ತೆಯೂ ಬಂದರು. ತಮ್ಮ ಕೈಕೆಲಸದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಮೇಲೆ ದೊಡ್ಡ ಅಕ್ಷರದಲ್ಲಿ "ಮಾನವ ಇನ್ಸುಲಿನ್" ಎಂಬ ಬೋರ್ಡು, ಪಕ್ಕದಲ್ಲಿ ಯಾವ ಬಣ್ಣ ಯಾವ ಆಮ್ಲ ಎಂದು ಬರೆದ ಚೀಟಿ. ನೋಡಲು ಬಂದ ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ಏರಿಸಿ, ಒಂದೊಂದೇ ಮಣಿ ನೋಡುತ್ತಾ ತುದಿಗೆ ಬಂದು ನಿಂತರು. ಹಿಂದಿಯಲ್ಲಿ ಬಹಳ ವಿನಯದಿಂದ ಹೇಳಿದರು: "ತುಂಬಾ ಚೆಂದ ಇದೆ ಮೇಡಮ್. ಆದರೆ ಇದು ಮನುಷ್ಯರದ್ದಲ್ಲ. ಹಂದಿಯದು."

ನೋಡಿದೆ. ದೊಡ್ಡ ಸರದ ತುದಿಯಲ್ಲಿ ಕೆಂಪು ಮಣಿ ಇರಬೇಕಾದಲ್ಲಿ ಹಳದಿ ಇತ್ತು. ಮನುಷ್ಯರ ಇನ್ಸುಲಿನ್ನಿಗೂ ಹಂದಿಯ ಇನ್ಸುಲಿನ್ನಿಗೂ ಇರುವ ಅಂತರ ಆ ಒಂದೇ ಮಣಿ.

"ಅತ್ತಿ, ಇಲ್ಲೆ ಕೆಂಪು ಮಣಿ ಎಲ್ಲದ?"

"ಅದು ಕೈಯಿಂದ ಜಾರಿ ಕಪಾಟಿನ ಕೆಳಗ ಉರುಳಿ ಹೋತು. ಹಳದೀದು ಒಂದು ಹೆಚ್ಚಿಗಿ ಇತ್ತು, ಹಾಕಿದೆ. ಕೊನೀ ಮಣಿ, ಯಾರು ನೋಡ್ತಾರ?" ಎಂದವರು, ಪ್ರಾಧ್ಯಾಪಕರು ಆ ಕಡೆ ಹೋದ ಮೇಲೆ ಮೆಲ್ಲಗೆ ಕೇಳಿದರು: "ಏನಂದ್ರವರು? ಹಂದೀನ?"

ಇದ್ದದ್ದನ್ನು ಹೇಳಿದೆ. ಸಂಜೆ ಅತ್ತೆ ಆ ಸರವನ್ನು ಚೀಲಕ್ಕೆ ಹಾಕಿಕೊಂಡೇ ಆಟೋ ಹತ್ತಿದರು. ಮುಗಿಯಿತು, ಇನ್ನು ಆ ಸೂಜಿಯನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಅಂದುಕೊಂಡೆ. ಅವರ ಕಾಲಿನ ಪಟ್ಟಿ ನೋಡಿ ಕಣ್ಣು ತುಂಬಿ ಬಂತು.

ಮನೆಗೆ ಬಂದದ್ದೇ ಅತ್ತೆ ಮಾವನವರನ್ನು ಎಬ್ಬಿಸಿದರು. "ಏಳ್ರಿ, ಜಲ್ದಿ! ಆ ಕಪಾಟಿನ ಕೆಳಗ ಕೋಲು ಹಾಕ್ರಿ." ಮಾವ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಏದುಸಿರು ಬಿಡುತ್ತಾ, ಧೂಳಿನ ಜೊತೆ ಕೆಂಪು ಮಣಿಯನ್ನು ಹೊರಗೆಳೆದರು. ಅತ್ತೆ ಅದನ್ನು ತೊಳೆದರು, ಸೆರಗಿನಿಂದ ಒರೆಸಿದರು, ಹಳದಿ ಬಿಚ್ಚಿ ಕೆಂಪು ಪೋಣಿಸಿ ಗಂಟು ಹಾಕಿದರು.

"ಈಗ ಮನುಷ್ಯಾರದಾತಲ್ಲ?"

"ಆತು ಅತ್ತಿ."

"ಔಷಧದಾಗಿರೂದೂ ಇದ? ಬರೋಬರ್ ಇದ?"

"ಇದ. ಒಂದು ಮಣೀನೂ ಫರಕಿಲ್ಲ."

ಅತ್ತೆ ಸರವನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿ, ಕುಪ್ಪಸದ ತೋಳು ಮೇಲೇರಿಸಿ ಮುಂದೆ ಚಾಚಿದರು. "ಹಂಗಾರ ಚುಚ್ಚು, ಹುಡುಗಿ. ನಾನ ಪೋಣಿಸಿದ್ದಕ್ಕ ನಾನ ಹೇಸಿಗಿ ಪಟ್ಟರ ಹೆಂಗ?"

ನಾನು ಚುಚ್ಚಿದೆ, ಅವರ ತೋಳು ಅಲುಗಲಿಲ್ಲ. ಸೂಜಿ ಹೊರಗೆ ಬಂದ ಮೇಲೆ, "ಇಷ್ಟನ?" ಎಂದು ಅವರೇ ನನ್ನ ಬೆನ್ನು ಸವರಿದರು. ನಾನು ಅತ್ತುಬಿಟ್ಟೆ.

ಮಾವ ಧೋತರದ ಧೂಳು ಕೊಡವುತ್ತಾ ಹಳದಿ ಮಣಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. "ಏನವಾ, ಹಂದಿಗೂ ಮನುಷ್ಯಾಗೂ ಇಷ್ಟ ಫರಕೇನು, ಒಂದ ಮಣಿ?"

ನಾನು ಉತ್ತರ ಹೇಳುವ ಮೊದಲೇ ಅತ್ತೆ ತೋಳು ಇಳಿಸಿಕೊಂಡು ಅಂದರು: "ನಿಮ್ಮ ಗೊರಕಿ ಕೇಳಿ ಕೇಳಿ ನಿಮ್ಮೊಳಗ ಒಂದು ಮಣಿ ಕಡಿಮಿ ಅದ ಅಂತ ನನಗ ಮದಿವ್ಯಾದಾಗನ ಗೊತ್ತಾಗಿತ್ತು. ಅದು ಕಪಾಟಿನ ಕೆಳಗ ಬಿದ್ದದ ಅನ್ನೂದು ಮಾತ್ರ ಇವತ್ತ ಗೊತ್ತಾತು."