ಮುನ್ನೂರು ಹೆಸರಿನ ಹವಳ

ಹಮ್ದೂನನ ಅಂದಿನ ಎಲ್ಲ ಕಷ್ಟಕ್ಕೂ ಕಾರಣ ತುಟಿ ಹರಿದ ಒಂದು ಹಾವುಮೀನು. ಅದು ತನ್ನ ಪಾಡಿಗೆ ಹವಳದ ಸಂದಿಯಲ್ಲಿ ಸುರುಳಿ ಸುತ್ತಿ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹಮ್ದೂನ್ ಕ್ಯಾಮೆರಾ ಹಿಡಿದು ನೀರಿಗಿಳಿದಾಗಲೆಲ್ಲ, ಮದುವೆಮನೆಯ ಪ್ರತಿ ಫೋಟೋದಲ್ಲೂ ಕರೆಯದೆ ಬಂದು ನಿಲ್ಲುವ ದೂರದ ನೆಂಟನ ಹಾಗೆ ಕತ್ತು ಚಾಚಿಬಿಡುತ್ತಿತ್ತು.

ರಿಸಾರ್ಟಿನವರು ನೀರಿನ ಮೇಲೆ ನಲವತ್ತು ಮನೆ ಕಟ್ಟಲು ತಳದ ಮರಳು ಹೀರಿಸಿ, ಎದ್ದ ಕೆಸರಿನಲ್ಲಿ ಹವಳದಿಬ್ಬದ ಉಸಿರುಕಟ್ಟಿಸಿ, ಆಮೇಲೆ ಅದೇ ದಿಬ್ಬದ ಪುನರುದ್ಧಾರಕ್ಕೆ ಹೊರಟಿದ್ದರು. ಕೊಲ್ಲುವುದಕ್ಕೆ ದೊಡ್ಡ ಯಂತ್ರ ಬಂದಿತ್ತು. ಬದುಕಿಸುವುದಕ್ಕೆ ಹಮ್ದೂನ್ ಒಬ್ಬನೇ. ಕಬ್ಬಿಣದ ಚೌಕಟ್ಟಿಗೆ ಹವಳದ ತುಂಡುಗಳನ್ನು ಕಟ್ಟಿ ತಳದಲ್ಲಿ ಇಡುವುದು ಅವನ ಕೆಲಸ. ಒಂದೊಂದು ಚೌಕಟ್ಟನ್ನೂ ಒಬ್ಬೊಬ್ಬ ಅತಿಥಿ ದತ್ತು ತೆಗೆದುಕೊಳ್ಳುತ್ತಿದ್ದ. ಅದಕ್ಕೆ ಅವನ ಹೆಸರೂ ನಂಬರೂ ಇರುವ ಬಿಲ್ಲೆ. ಆರು ತಿಂಗಳಿಗೊಮ್ಮೆ ಅವನ ಊರಿಗೆ ಆ ಹವಳದ ಫೋಟೋ. ಹೀಗೆ ಐದು ವರ್ಷದಲ್ಲಿ ಮುನ್ನೂರ ಹನ್ನೆರಡು ಚೌಕಟ್ಟುಗಳಾದವು. ಹೋದ ಬೇಸಿಗೆಯಲ್ಲಿ ಕಡಲು ಮೀನುಸಾರಿನ ಹಾಗೆ ಕಾದು ಮುನ್ನೂರ ಹನ್ನೊಂದು ಸತ್ತವು.

ಬೆಳ್ಳಗಾದ ಹವಳಗಳ ಫೋಟೋ ಹಿಡಿದು ಹೋದಾಗ ಮ್ಯಾನೇಜರ್ ರೋಲಾಂಡ್ ತಲೆಯನ್ನೂ ಎತ್ತಲಿಲ್ಲ. "ಸತ್ತಿರೋದನ್ನ ನನಗೆ ತೋರಿಸ್ಬೇಡ. ಬದುಕಿರೋ ಫೋಟೋ ತಗೊಂಡು ಬಾ" ಅಂದಿದ್ದ.

ಹಮ್ದೂನ್ ತಂದ. ದಿಬ್ಬದ ಅಂಚಿನಲ್ಲಿ, ಹೊರಗಡಲ ತಣ್ಣೀರು ತಾಗುವ ಕಡೆ ಉಳಿದಿದ್ದ ಆ ಒಂದೇ ಒಂದಕ್ಕೆ ಮುನ್ನೂರ ಹನ್ನೆರಡು ಸಲ ಬಿಲ್ಲೆ ಬದಲಿಸಿ, ಮುನ್ನೂರ ಹನ್ನೆರಡು ಫೋಟೋ ಹೊಡೆದು ತಂದ. ಎಲ್ಲದರ ಎಡಮೂಲೆಯಲ್ಲೂ ತುಟಿ ಹರಿದ ಹಾವುಮೀನು ಹಲ್ಲು ಕಿರಿದಿತ್ತು.

ಈಗ ಬೆಳಗಿನ ಏಳು ಗಂಟೆಗೆ ರೋಲಾಂಡ್ ಅವನನ್ನು ಕರೆಸಿದ್ದ. ಮೇಜಿನ ಮೇಲೆ ಹಮ್ದೂನನ ರಜೆ ಅರ್ಜಿ ಇತ್ತು. ಇದು ನಾಲ್ಕನೆಯದು. ಅವನ ಹೆಂಡತಿ ಶಜ್ನಾ ಹೆತ್ತು ನಾಲ್ಕು ತಿಂಗಳಾಗಿತ್ತು; ಮಗನನ್ನು ಅವನು ಫೋನಿನ ಗಾಜಿನಾಚೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ಹತ್ತು ದಿನ ಕೇಳಿದ್ದೀಯ" ಅಂದ ರೋಲಾಂಡ್. "ಕೊಡೋಣ. ಇವತ್ತು ದಿಬ್ಬದ ವಾರ್ಷಿಕೋತ್ಸವ. ದತ್ತು ತಗೊಂಡೋರು ಮೂರು ಕಡೆಯಿಂದ ಬಂದಿದ್ದಾರೆ. ಒಂಬತ್ತಕ್ಕೆ ಒಬ್ಬರು, ಹನ್ನೊಂದಕ್ಕೆ ಒಂದು ಜೋಡಿ, ಎರಡಕ್ಕೆ ಇನ್ನೊಬ್ಬರು. ಅವರವರ ಹವಳ ಅವರವರಿಗೆ ತೋರಿಸು. ಮೂರೂ ಕಡೆಯೋರು ನಗುನಗ್ತಾ ನೀರಿಂದ ಮೇಲೆ ಬಂದ್ರೆ ಸಹಿ. ನಾಲ್ಕೂವರೆ ದೋಣಿಗೆ ನೀನು ಹೊರಡು."

ಹಮ್ದೂನ್ ಊಟದ ಮನೆಗೆ ಬಂದು ರೊಟ್ಟಿ ಮುರಿದ. ರೋಲಾಂಡ್ ಅಂದದ್ದನ್ನೆಲ್ಲ ಅಲ್ಲಿದ್ದವರಿಗೆ ಹೇಳಿದ.

"ಹವಳ ಊರಿಗೆ ಹೋಗಿದೆ ಅನ್ನು" ಅಂದಳು ಕೋಣೆ ಗುಡಿಸುವ ನಸೀಮಾ, ಅವನ ತಟ್ಟೆಗೆ ತೆಂಗಿನತುರಿ ಬೆರೆಸಿದ ಮೀನು ಸುರಿಯುತ್ತ. "ಅದಕ್ಕಾದರೂ ರಜೆ ಸಿಗ್ತು ಅಂತ ಸಮಾಧಾನ ಪಟ್ಕೋತಾರೆ."

"ನಗಬೇಡ ಅಕ್ಕಾ, ನನ್ನ ಜೀವ ಹೋಗ್ತಿದೆ."

"ಜೀವ ಯಾಕೆ ಹೋಗುತ್ತೆ ಕೊಕ್ಕೋ?" ಅಂದ ದೋಣಿ ನಡೆಸುವ ಮಣಿಕು. ತನಗಿಂತ ಒಂದು ದಿನ ಚಿಕ್ಕವರಾದರೂ ಅವರನ್ನೆಲ್ಲ ತಮ್ಮಂದಿರ ಲೆಕ್ಕಕ್ಕೆ ಸೇರಿಸಿ ಕೊಕ್ಕೋ ಅನ್ನುವುದು ಅವನ ಅಭ್ಯಾಸ. "ಫೋಟೋಕ್ಕೆ ಬದಲಿಸಿದ ಬಿಲ್ಲೆ ಕಣ್ಣೆದುರಿಗೆ ಬದಲಿಸೋಕಾಗಲ್ವಾ? ಅವರು ಮೇಲೆ ಮೊಸಳೆ ಥರ ತೇಲ್ತಾ ಇರ್ತಾರೆ. ನೀನು ಮೊದಲೇ ಮುಳುಗಿ ಕಟ್ಟು. ನಾನಿದ್ದೀನಲ್ಲ!"

ಅವನು ಹಾಗಂದದ್ದು ಕೇಳಿಯೇ ಹಮ್ದೂನನಿಗೆ ಹೆಚ್ಚು ಭಯವಾಯಿತು.

ಒಂಬತ್ತು ಗಂಟೆಗೆ ಹೆಲ್ಗಾ ಬಂದಳು. ನಿವೃತ್ತ ಶಾಲಾ ಶಿಕ್ಷಕಿ, ತನ್ನ ಹವಳದ ಫೋಟೋ ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಉಸಿರುಕೊಳವೆಯನ್ನು ಬೆತ್ತದ ಹಾಗೆ ಹಿಡಿದು, "ನನ್ನದು ನೂರ ಎಂಬತ್ತನಾಲ್ಕು. ನೇರ ಅಲ್ಲಿಗೇ ಹೋಗಬೇಕು" ಅಂದಳು. ದೋಣಿ ದಿಬ್ಬದ ಮೇಲೆ ಸಾಗುವಾಗ ಕೆಳಗೆ ಕಾಣುವ ಪಾಚಿಗಟ್ಟಿದ ಸಾಲುಸಾಲು ಚೌಕಟ್ಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಇವಕ್ಕೆಲ್ಲ ಏನಾಗಿದೆ?"

"ಮಲಗಿವೆ ಮೇಡಂ" ಅಂದ ಮಣಿಕು. "ಹಗಲು ಹೊತ್ತು ಎಬ್ಬಿಸಬಾರದು."

ಹಮ್ದೂನ್ ಮುಳುಗಿ ಬಿಲ್ಲೆ ಕಟ್ಟಿ ಮೇಲೆ ಬಂದ. ಹೆಲ್ಗಾ ನೀರಿಗಿಳಿದು ಕೆಳಗೆ ನೋಡಿದಳು. ನೂರ ಎಂಬತ್ತನಾಲ್ಕು. ನೇರಳೆ ಕವಲುಗಳು, ಹಳದಿ ಮರಿಮೀನುಗಳು, ಹರಿದ ತುಟಿ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕೊಳವೆಯೊಳಗಿಂದಲೇ ಹಾಡಲು ತೊಡಗಿದಳು. ಬಾವಿಯಲ್ಲಿ ಬಿದ್ದ ಕೋಣನ ದನಿಯಂತಿದ್ದ ಆ ಹಾಡಿಗೆ ಎರಡು ಚರಣವಿರಬಹುದು, ಮೂರಿರಬಹುದು ಎಂದು ಹಮ್ದೂನ್ ಕಾದ. ಹತ್ತೂವರೆಯಾದರೂ ಮುಗಿಯಲಿಲ್ಲ.

ಅಷ್ಟರಲ್ಲಿ ದೋಣಿ ಕಟ್ಟುವ ದಕ್ಕೆಯ ಕಡೆಯಿಂದ ಹೊಸ ಮದುಮಕ್ಕಳು ಈಜಿಕೊಂಡು ಬರುವುದು ಕಾಣಿಸಿತು. ಸೊಯುನ್ ಮತ್ತು ಮಿನ್‌ಹೊ. ಬಿಸಿಲು ಚೆನ್ನಾಗಿದೆ ಎಂದು ಅರ್ಧ ಗಂಟೆ ಮೊದಲೇ ಹೊರಟಿದ್ದರು.

"ಮಣಿಕುಣ್ಣಾ, ಈಕೆಯನ್ನ ಮೇಲೆ ಹತ್ತಿಸಿ!" ಹಮ್ದೂನ್ ದೋಣಿಯ ಅಂಚು ಹಿಡಿದು ಹಲ್ಲು ಕಚ್ಚಿ ಪಿಸುಗುಟ್ಟಿದ.

ಮಣಿಕು ದೋಣಿಯ ಮೂತಿಯಲ್ಲಿ ಎದ್ದು ನಿಂತ. "ಶಾರ್ಕ್! ಶಾರ್ಕ್!" ಎಂದು ಕೂಗಿ ಹೊರಗಡಲ ಕಡೆ ಬೊಟ್ಟು ಮಾಡಿದ.

ಹೆಲ್ಗಾಳ ತಲೆ ನೀರಿನಿಂದ ಚಟ್ಟನೆ ಮೇಲೆದ್ದಿತು. "ಎಲ್ಲಿ?" ಅಂದವಳೇ ದೋಣಿಗೆ ಬೆನ್ನು ಹಾಕಿ, ಅವನು ತೋರಿಸಿದ ದಿಕ್ಕಿಗೆ ಕಾಲಿಗೆ ತೊಟ್ಟ ರಬ್ಬರಿನ ರೆಕ್ಕೆ ಬಡಿಯುತ್ತ ಹೊರಟೇಬಿಟ್ಟಳು.

"ಅಯ್ಯೋ, ಆ ಕಡೆ ಸೆಳೆತ ಇದೆ ತಾಯಿ!" ಮಣಿಕು ಇಲ್ಲದ ಶಾರ್ಕಿನ ಹಿಂದೆ ಹೋದ ಮುದುಕಿಯ ಹಿಂದೆ ದೋಣಿ ಓಡಿಸಿದ.

ಹಮ್ದೂನ್ ಮುಳುಗಿದ. ಹೆಲ್ಗಾಳ ಬಿಲ್ಲೆ ಕಿತ್ತು ಚಡ್ಡಿಯೊಳಗೆ ತುರುಕಿ, ಸೊಂಟದಲ್ಲಿದ್ದ ಇನ್ನೊಂದು ಬಿಲ್ಲೆ ಕಟ್ಟಿದ. ಮೇಲೆ ಬಂದು ನೋಡಿದರೆ ತಲೆಕೆಳಗಾಗಿ ಕಟ್ಟಿದ್ದ.

"ನಮ್ಮ ಹೆಸರು ಉಲ್ಟಾ ಇದೆ!" ಅಂದಳು ಸೊಯುನ್.

"ಹವಳ ಕೆಳಗಿನಿಂದ ಓದುತ್ತೆ ಮೇಡಂ" ಅಂದ ಹಮ್ದೂನ್. ಬಾಯಿಂದ ಇದು ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಮಣಿಕುವಿನ ಸಹವಾಸ.

ಅವರಿಗೆ ಆ ಮಾತು ಬಹಳ ಹಿಡಿಸಿತು. ಬಿಲ್ಲೆಯ ಎದುರು ಮುಳುಗಿ ಮುತ್ತು ಕೊಡುವ ಫೋಟೋ ಬೇಕು ಅಂದರು. ಏಳು ಸಲ ಮುಳುಗಿದರು. ಏಳನೆಯ ಸಲ ಮಿನ್‌ಹೊನ ಕಾಲ ರೆಕ್ಕೆ ಬೀಸಿ ಬಡಿದು, ಐದು ವರ್ಷ ಬೆಳೆದಿದ್ದ ಗೇಣುದ್ದದ ಕವಲು ಮುರಿದು ಮರಳಿಗೆ ಬಿತ್ತು. ಹಮ್ದೂನನ ಎದೆಯಲ್ಲಿ ಏನೋ ಚಟ್ ಅಂದಿತು. ಆದರೂ ಹೆಬ್ಬೆರಳೆತ್ತಿ ನಕ್ಕ. ನಕ್ಕರಲ್ಲವೇ ಸಹಿ?

ಎರಡು ಗಂಟೆಗೆ ದೋಣಿಯಲ್ಲಿ ಮೂರನೆಯ ಸರದಿಯ ಅತಿಥಿ ಕೂತಿದ್ದ. ತುಲಿಯೊ, ಎರಡು ಆಳಿನ ಗಾತ್ರದವನು, ಕೂತ ಕಡೆಗೆ ದೋಣಿಯೇ ವಾಲಿತ್ತು. ಅವನು ಹವಳವನ್ನು ದತ್ತು ಪಡೆದದ್ದು ಸತ್ತುಹೋದ ತನ್ನ ನಾಯಿ ಪೆಪ್ಪೋವಿನ ಹೆಸರಿನಲ್ಲಿ. ಜಾಗ ಹತ್ತಿರವಾದಾಗ ಹಮ್ದೂನ್ ಚೀಲದಲ್ಲಿ ಕೈಯಾಡಿಸಿದ. ಪೆಪ್ಪೋ ಬಿಲ್ಲೆ ಇಲ್ಲ.

"ಮಣಿಕುಣ್ಣಾ, ನಾಯಿ ಎಲ್ಲಿ?"

"ಯಾವ ನಾಯಿ?"

"ಬಿಲ್ಲೆ! ಬಿಲ್ಲೆ!"

ಮಣಿಕು ಮೆಲ್ಲಗೆ ತನ್ನ ತೊಡೆಯ ಮೇಲೆ ನೋಡಿಕೊಂಡ. ಅಡಿಕೆ ಹೋಳು, ಲವಂಗ, ಸುಣ್ಣ ಹರಡಿಕೊಂಡಿದ್ದ ತಟ್ಟೆ ಅದೇ. "ಚಪ್ಪಟೆಯಾಗಿ ಚೆನ್ನಾಗಿತ್ತು ಕೊಕ್ಕೋ" ಅಂದ ಸಣ್ಣ ದನಿಯಲ್ಲಿ.

ಸುಣ್ಣ ಮೆತ್ತಿದ ಬಿಲ್ಲೆಯನ್ನೇ ಹಮ್ದೂನ್ ಕಟ್ಟಿದ. ತುಲಿಯೊ ನೀರಿಗಿಳಿದು ಕೆಳಗೆ ನೋಡಿದ. ಹಾವುಮೀನು ಹೊರಗೆ ಬಂತು. "ಪೆಪ್ಪೋ!" ಎಂದು ಕೊಳವೆಯೊಳಗೆ ಚೀರಿ ಅಳಲು ಶುರುಮಾಡಿದ. ಕಣ್ಣೀರು ತುಂಬಿ ಈಜುಗನ್ನಡಕ ಮಂಜಾಯಿತು, ಅದನ್ನು ಎತ್ತಿದ್ದಕ್ಕೆ ಕಡಲೂ ಒಳಗೆ ಬಂತು. ಹಮ್ದೂನ್ ಅವನ ಕಂಕುಳಿಗೆ ಕೈಹಾಕಿ ಎಳೆಯುವಷ್ಟರಲ್ಲಿ ತಾನೇ ಎರಡು ಸಲ ನೀರು ಕುಡಿದ. ದೋಣಿ ಸೇರಿದ ಮೇಲೆ ತುಲಿಯೊ ಅವನನ್ನು ತಬ್ಬಿಕೊಂಡು, "ಅದೇ ತುಟಿ! ಪಕ್ಕದ ಮನೆಯ ಬೆಕ್ಕು ಹರಿದ ಅದೇ ತುಟಿ! ನನ್ನ ಪೆಪ್ಪೋ ಮತ್ತೆ ಹುಟ್ಟಿದ್ದಾನೆ!" ಎಂದು ಮುಸುಮುಸು ನಕ್ಕ.

ಅಂತೂ ಮೂರೂ ಕಡೆಯವರು ನಕ್ಕಿದ್ದರು.

ಮೂರೂವರೆಗೆ ದಕ್ಕೆಯ ಬಳಿ ವಾರ್ಷಿಕೋತ್ಸವದ ಚಹಾ. ಹಮ್ದೂನ್ ಚೀಲ ಕಟ್ಟಿಕೊಂಡೇ ಬಂದು ರೋಲಾಂಡನ ಹಿಂದೆ ನಿಂತ. ಅಷ್ಟರಲ್ಲಿ ತುಲಿಯೊ ತನ್ನ ಹವಳದ ಫೋಟೋ ಹೊರತೆಗೆದು ಎಲ್ಲರಿಗೂ ಪೆಪ್ಪೋವನ್ನು ತೋರಿಸಲು ಹೊರಟ. ಹೆಲ್ಗಾ ಕನ್ನಡಕ ಸರಿಮಾಡಿಕೊಂಡಳು.

"ಇದು ನನ್ನ ಹಾವುಮೀನು" ಅಂದಳು.

"ನಮ್ಮದು!" ಅಂದಳು ಸೊಯುನ್, ಫೋನು ಚಾಚಿ.

ಮೂರು ಫೋಟೋಗಳು ಮೇಜಿನ ಮೇಲೆ ಸಾಲಾಗಿ ಕೂತವು. ಮೂರು ಹರಿದ ತುಟಿಗಳು ಹಮ್ದೂನನನ್ನು ನೋಡಿ ಹಲ್ಲು ಕಿರಿದವು. ನಸೀಮಾ ಚಹಾ ಸುರಿಯುವುದನ್ನು ನಿಲ್ಲಿಸಿದಳು. ಹೆಲ್ಗಾ ನಿಧಾನವಾಗಿ ತಲೆಯೆತ್ತಿ, ಮನೆಪಾಠ ಮಾಡದೆ ಬಂದ ಹುಡುಗನನ್ನು ನೋಡುವಂತೆ ನೋಡಿದಳು. "ಉಳಿದವು ಎಲ್ಲಿ? ನಿಜ ಹೇಳು."

 ಆ ಮುರಿದ ಕವಲು ಹಮ್ದೂನನ ಕಣ್ಣೆದುರಿಗೆ ಬಂದು, ಐದು ವರ್ಷದಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಹೊರಗೆ ಬಿತ್ತು.

"ಸತ್ತಿವೆ ಮೇಡಂ. ಎಲ್ಲ ಸತ್ತಿವೆ. ನಾನೇ ಕಟ್ಟಿದ್ದು, ನಾನೇ ಒಂದೊಂದನ್ನೂ ಮುಟ್ಟಿ ನೋಡಿದ್ದು. ಮಲಗಿಲ್ಲ, ಸತ್ತಿವೆ. ನೀವು ಮಲಗೋ ಮನೆ ಇದೆಯಲ್ಲ, ಅದರ ಕೆಳಗೆ ನಮ್ಮಜ್ಜ ಗಾಳಕ್ಕೆ ಮರಿಮೀನು ಹಿಡೀತಿದ್ದ. ಅಲ್ಲಿನ ಮರಳು ಹೀರಿ ದಿಬ್ಬ ಕೊಂದ್ರು. ಕೊಂದೋರೇ ಬಿಲ್ಲೆ ಮಾಡಿ ಮಾರಿದ್ರು. ಉಳಿದಿರೋದು ಒಂದೇ ಒಂದು. ಅದನ್ನೇ ನಿಮಗೆಲ್ಲ ತೋರಿಸಿದೆ. ಇವತ್ತು ಅದರ ಒಂದು ಕೊಂಬೆನೂ ಮುರೀತು."

 ರೋಲಾಂಡನ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. ಮೊದಲು ಮಾತಾಡಿದವನು ತುಲಿಯೊ. ಅವನ ಕಣ್ಣು ಮತ್ತೆ ತುಂಬಿತ್ತು.

"ಹಾಗಾದ್ರೆ... ಪೆಪ್ಪೋ ಅಲ್ಲಿ ಒಂಟಿಯಾಗಿಲ್ಲ?"

"ಅಯ್ಯೋ, ಎಷ್ಟು ಚಂದ!" ಸೊಯುನ್ ಗಂಡನ ತೋಳು ಹಿಡಿದಳು. "ನಾವೆಲ್ಲ ಒಂದೇ ಹವಳದ ಸಂಸಾರ!"

ಹಮ್ದೂನ್ ಹೆಲ್ಗಾಳ ಕಡೆ ನೋಡಿದ. ಅವಳಾದರೂ ಬೈಯಬೇಕು. ಅವಳಾದರೂ ಆ ಮುನ್ನೂರ ಹನ್ನೊಂದರ ಬಗ್ಗೆ ಒಂದು ಮಾತು ಕೇಳಬೇಕು.

"ಇದು ಬಹಳ ಅಶಿಸ್ತು" ಅಂದಳು ಹೆಲ್ಗಾ ಕಟುವಾಗಿ. "ಬಿಲ್ಲೆ ಪದೇ ಪದೇ ಬಿಚ್ಚಿ ಕಟ್ಟೋದು ಯಾಕೆ? ಎಲ್ಲವನ್ನೂ ಆ ಒಂದರಲ್ಲೇ ನೇತುಹಾಕಿ. ಅಕ್ಷರಮಾಲೆಯ ಪ್ರಕಾರ."

ಚಪ್ಪಾಳೆ ಬಿತ್ತು. ತುಲಿಯೊ ಹೆಲ್ಗಾಳನ್ನು ತಬ್ಬಿಕೊಂಡ, ಮದುಮಕ್ಕಳು ತುಲಿಯೊನ ಹೊಟ್ಟೆಯ ಸುತ್ತ ಸೇರಿದರು, ನಾಲ್ವರೂ ನಗುತ್ತ ಫೋಟೋ ತೆಗೆಸಿಕೊಂಡರು.

ರೋಲಾಂಡನ ಮುಖದ ಕೆಂಪು ಮೆಲ್ಲಗೆ ಇಳಿದು, ಅಲ್ಲಿ ಬೇರೇನೋ ಬೆಳಗತೊಡಗಿತು. ಹಮ್ದೂನನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. ಐದು ವರ್ಷದಲ್ಲಿ ಅವನು ಹೆಗಲು ಮುಟ್ಟಿದ್ದು ಇದೇ ಮೊದಲು.

"ನಿನ್ನ ಮೇಲೆ ನನಗೆ ಕೋಪ ಇಲ್ಲ" ಅಂದ. "ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ ನೋಡು. ಒಂದಿದ್ರೆ ಸಾಕು! ಮುನ್ನೂರು ಯಾಕೆ ಬೇಕು?" ಜೇಬಿನಿಂದ ಅರ್ಜಿ ತೆಗೆದ. ಹತ್ತು ದಿನ ಎಂದಿದ್ದನ್ನು ನೀಟಾಗಿ ಒಂದು ಗೆರೆ ಎಳೆದು ಹೊಡೆದುಹಾಕಿದ. "ಒಂದಕ್ಕೆ ಒಬ್ಬ ಆಳು ಯಾಕೆ? ದೋಣಿ ಹೊಡೀತಾ ಮಣಿಕುನೇ ನೋಡ್ಕೋತಾನೆ. ಮಗು ಇದೆ ಅಂದ್ಯಲ್ಲ? ಹೋಗು, ಸಮಾಧಾನವಾಗಿ ಸಂಸಾರ ನೋಡ್ಕೋ. ವಾಪಸ್ ಬರೋ ತೊಂದರೆ ತಗೋಬೇಡ."

ಸಹಿ ಹಾಕಿದ. ದೊಡ್ಡ, ಚಂದದ ಸಹಿ.

ನಾಲ್ಕೂವರೆ ದೋಣಿ ಹೊತ್ತಿಗೆ ಸರಿಯಾಗಿ ಹೊರಟಿತು. ಹಗ್ಗ ಬಿಚ್ಚುತ್ತಿದ್ದ ಮಣಿಕು ತಲೆಯೆತ್ತದೆ, "ನಿನ್ನ ಕೆಲಸ ನಾನು ಕೇಳ್ಲಿಲ್ಲ ಕೊಕ್ಕೋ, ಅವನೇ ಅಂದಿದ್ದು" ಎಂದ. ಹಮ್ದೂನ್ ಚೀಲವನ್ನು ಕಾಲ ಬಳಿ ಇಟ್ಟು ಕೂತ. ದೋಣಿ ನೀರಿನ ಮೇಲಿನ ನಲವತ್ತು ಮನೆಗಳನ್ನು ದಾಟುವಾಗ ಫೋನು ಗುನುಗಿತು. ಶಜ್ನಾ.

"ರಜೆ ಸಿಕ್ತಾ?"

"ಸಿಕ್ತು. ದೋಣೀಲಿದ್ದೀನಿ."

ಆ ಕಡೆ ಅವಳು ಕಿರುಚಿದ್ದು, ಅವಳಮ್ಮ ಓಡಿಬಂದದ್ದು, ಅಕ್ಕಪಕ್ಕದವರು ಏನೇನೆಂದು ಕೇಳಿದ್ದು, ನಡುವೆ ಮಗು ಅತ್ತದ್ದು ಎಲ್ಲ ಒಟ್ಟಿಗೆ ಕೇಳಿಸಿತು. "ಕೇಳಿದ್ಯಾ ಅಮ್ಮಾ, ಆ ಮ್ಯಾನೇಜರು ಒಳ್ಳೆಯವನು ಅಂತ ನಾನು ಮೊದಲೇ ಹೇಳಿರ್ಲಿಲ್ವಾ?" ಎಂದು ಶಜ್ನಾ ಕೂಗಿ ಹೇಳಿದಳು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು, "ಕೇಳಿ, ನಾಳೆನೇ ಮೀನಿನ ಗೊಜ್ಜು ಕಾಯಿಸೋಕೆ ಇಡ್ತೀನಿ. ವಾಪಸ್ ಹೋಗುವಾಗ ಆ ಪುಣ್ಯಾತ್ಮನಿಗೆ ಒಂದು ಡಬ್ಬಿ ತಗೊಂಡು ಹೋಗಿ" ಅಂದಳು.

"ಹೂಂ" ಅಂದ ಹಮ್ದೂನ್.